ರೂಮ್ ಎಲ್ಲಿ ಮಾಡೋಣ?

ನಮ್ಮ ಕಡೆ ‘ಹೋಟೆಲ್’ ಅಂದ್ರೆ ತಿಂಡಿ. ಇಡ್ಲಿ, ವಡೆ, ಬೆಣ್ಣೆ ದೋಸೆ, ಗಾಜಿನ ಲೋಟದಲ್ಲಿ ಟೀ. ‘ನಿನ್ನೆ ಹೋಟೆಲ್‌ನಲ್ಲಿದ್ದೆ’ ಅಂತ ಹೇಳಿ ನೋಡಿ, ‘ಏನ್ ತಿಂದೆ?’ ಅನ್ನೋದೇ ಮೊದಲ ಪ್ರಶ್ನೆ. ರಾತ್ರಿ ಮಲಗೋ ಜಾಗಕ್ಕೆ ಬೇರೆ ಪದ ಇದೆ: ಲಾಡ್ಜ್. ಈ ಪದ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಧ್ವನಿ ಸ್ವಲ್ಪ ತಗ್ಗುತ್ತೆ. ಮದುವೆಗೆ ಬಂದ ನೆಂಟರಿಗೆ ಲಾಡ್ಜ್ ಮಾಡಬಹುದು, ಕೋರ್ಟ್ ಕೆಲಸಕ್ಕೆ ಬಂದ ಮಾವ ಲಾಡ್ಜ್‌ನಲ್ಲಿ ಇರಬಹುದು. ಆದ್ರೆ ‘ನಾವು ಊರು ನೋಡೋಕೆ ಹೋಗ್ತಿದೀವಿ, ಅಲ್ಲೇ ಲಾಡ್ಜ್‌ನಲ್ಲಿ ಇರ್ತೀವಿ’ ಅಂತ ಮಗಳು ಹೇಳಿದ್ರೆ ಮನೆ ತುಂಬ ಮೌನ.

ಈ ಲೇಖನ ಆ ಮೌನದ ಬಗ್ಗೆ ಮತ್ತು ಒಂದು ಸಣ್ಣ ಪ್ರಶ್ನೆಯ ಬಗ್ಗೆ. ಹಳೆ ಊರೊಂದನ್ನು ನೋಡೋಕೆ ಹೋದಾಗ ರೂಮ್ ಎಲ್ಲಿ ಮಾಡಬೇಕು? ನಮ್ಮ ಡಿಪಾರ್ಟ್‌ಮೆಂಟ್ ಟ್ರಿಪ್ ಪ್ಲಾನ್ ಮಾಡುವಾಗ ಇದನ್ನ ಯಾರೂ ಗಂಭೀರವಾಗಿ ತಗೊಳ್ಳಲ್ಲ. ಎಲ್ಲಿಗೆ ಹೋಗೋದು ಅಂತ ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಮೂರು ದಿನ ಜಗಳ ಆಡ್ತೀವಿ. ಎಲ್ಲಿ ಉಳಿಯೋದು ಅನ್ನೋದನ್ನ ಮಾತ್ರ ಆ್ಯಪ್ ತೆಗೆದು, ಕಡಿಮೆ ರೇಟು, ಮೂರೂವರೆ ಸ್ಟಾರ್, ವೈಫೈ ಅಂತ ನೋಡಿ ಐದು ನಿಮಿಷದಲ್ಲಿ ಮುಗಿಸ್ತೀವಿ. ನನ್ನ ಪ್ರಕಾರ ಎರಡನೇ ಪ್ರಶ್ನೆಯೇ ದೊಡ್ಡದು. ರೂಮ್ ಎಲ್ಲಿ ಅನ್ನೋದರ ಮೇಲೆ ಆ ಊರಿನ ಯಾವ ಹೊತ್ತು ನಮಗೆ ಸಿಗುತ್ತೆ, ನಮ್ಮ ದುಡ್ಡು ಯಾರ ಕೈಗೆ ಹೋಗುತ್ತೆ ಅನ್ನೋದು ನಿಂತಿರುತ್ತೆ.

ಮೊದಲು ದೂರದ ಒಂದು ಉದಾಹರಣೆ ಹೇಳ್ತೀನಿ, ಆಮೇಲೆ ನಮ್ಮ ಜಿಲ್ಲೆಗೆ ಬರೋಣ.

ಟರ್ಕಿಯಲ್ಲಿ ಸಫ್ರಾನ್‌ಬೊಲು ಅಂತ ಒಂದು ಹಳೆ ಊರಿದೆ. ಕೇಸರಿ ಬೆಳೆಯೋ ಊರು, ಹೆಸರಲ್ಲೇ ಕೇಸರಿ ಇದೆ. ಹಿಂದೆ ಒಂಟೆ, ಕುದುರೆಗಳ ಮೇಲೆ ಸರಕು ಹೇರಿಕೊಂಡು ಹೋಗುವ ವ್ಯಾಪಾರಿಗಳ ದಾರಿಯಲ್ಲಿ ಇದ್ದ ಊರು. ಮರದ ಚೌಕಟ್ಟಿಗೆ ಮಣ್ಣಿನ ಇಟ್ಟಿಗೆ ತುಂಬಿ ಕಟ್ಟಿದ, ಮೇಲಂತಸ್ತು ರಸ್ತೆ ಕಡೆ ಚಾಚಿರುವ ಮನೆಗಳು ಅಲ್ಲಿ ಸಾಲು ಸಾಲಾಗಿ ಉಳಿದಿವೆ. 1994ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದಲ್ಲೇ ಕರಾಬುಕ್ ಅನ್ನೋ ಕೈಗಾರಿಕಾ ನಗರ. 1930ರ ದಶಕದ ಕೊನೆಗೆ ಅಲ್ಲಿ ದೊಡ್ಡ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಶುರುವಾಯಿತು. ಚನ್ನಗಿರಿ ತಾಲೂಕಿನ ಪಕ್ಕದಲ್ಲಿ ಭದ್ರಾವತಿ ಇದ್ದ ಹಾಗೆ ಅಂದ್ಕೊಳ್ಳಿ.

ಅಲ್ಲಿಗೆ ಹೋಗೋ ಪ್ರವಾಸಿ ಎರಡು ಥರ ಉಳಿಯಬಹುದು. ಹೊಸ ನಗರದ ಕಾಂಕ್ರೀಟ್ ಹೋಟೆಲ್‌ನಲ್ಲಿ ಮಲಗಿ, ಬೆಳಿಗ್ಗೆ ಹತ್ತಕ್ಕೆ ಬಂದು ಫೋಟೋ ತೆಗೆದು ಹೋಗಬಹುದು. ಇಲ್ಲಾಂದ್ರೆ ಹಳೆ ಮನೆಯೊಂದನ್ನೇ ರಿಪೇರಿ ಮಾಡಿ ರೂಮ್ ಮಾಡಿರುವ ಕಡೆ ಮಲಗಬಹುದು. ಅಂಥ ಮನೆಗಳು ಅಲ್ಲಿ ಬೇಕಾದಷ್ಟಿವೆ. 17ನೇ ಶತಮಾನದ ‘ಜಿಂಜಿ ಹಾನ್’ ಅನ್ನೋ ಕಲ್ಲಿನ ಛತ್ರ ಕೂಡ ಈಗ ಹೋಟೆಲ್ ಆಗಿದೆ. ನಡುವೆ ಅಂಗಳ, ಕೆಳಗೆ ಸರಕು ಮತ್ತು ಪ್ರಾಣಿಗಳಿಗೆ ಜಾಗ, ಮೇಲೆ ವ್ಯಾಪಾರಿಗಳಿಗೆ ಕೋಣೆ. ಹಳೆಯ ಹಾನ್‌ಗಳ ಲೇಔಟ್ ಸಾಮಾನ್ಯವಾಗಿ ಹೀಗೇ. ಯಾವ ಕೆಲಸಕ್ಕೆ ಕಟ್ಟಿದರೋ ಮುನ್ನೂರು ಚಿಲ್ಲರೆ ವರ್ಷ ಆದಮೇಲೂ ಅದೇ ಕೆಲಸ ಮಾಡ್ತಿದೆ.

ನಾನ್ಯಾಕೆ ಟರ್ಕಿ ಕಥೆ ಹೇಳ್ತಿದೀನಿ? ಯಾಕಂದ್ರೆ ಅಂಥದೇ ಒಂದು ಹೆಸರು ನಮ್ಮ ಜಿಲ್ಲೆಯಲ್ಲೇ ಇದೆ. ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿ ನೋಡಿರ್ತೀರ. ಕನಿಷ್ಠ ಯಾರದ್ದೋ ಡಿಪಿಯಲ್ಲಾದ್ರೂ ನೋಡಿರ್ತೀರ. ಪಾಳೆಯಗಾರ ಹನುಮಪ್ಪ ನಾಯಕರ ಕಾಲದ್ದು, ನೀರಿನ ನಡುವೆ ಗೋಪುರದಂಥ ವಸಂತ ಮಂಟಪ. ಅದರ ಎದುರಿಗೆ ಕಮಾನುಗಳಿರುವ ದೊಡ್ಡ ಕಟ್ಟಡ ಇದೆಯಲ್ಲ, ಅದರ ಹೆಸರೇ ಮುಸಾಫಿರ್‌ಖಾನ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು ಅಂತಾರೆ. ಅದರ ಹಿಂದೆ ಯುದ್ಧದ, ಸೇಡಿನ ಕಥೆಗಳೂ ಇವೆ. ಆದ್ರೆ ಹೆಸರಿನ ಅರ್ಥ ನೋಡಿ: ಮುಸಾಫಿರ್ ಅಂದ್ರೆ ಪ್ರಯಾಣಿಕ, ಖಾನ ಅಂದ್ರೆ ಮನೆ. ಟರ್ಕಿ ಭಾಷೆಯಲ್ಲಿ ಅತಿಥಿಗೃಹಕ್ಕೆ ಇವತ್ತಿಗೂ ‘ಮಿಸಾಫಿರ್‌ಹಾನೆ’ ಅಂತಾರೆ. ಒಂದೇ ಪದ, ಎರಡು ಊರು. ಪ್ರಯಾಣಿಕರ ಮನೆ ಅನ್ನೋ ಹೆಸರಿನ ಕಟ್ಟಡ ನಿಂತಿರುವ ಊರಿನಲ್ಲಿ ಇವತ್ತು ನಾವು ಯಾರೂ ರಾತ್ರಿ ಉಳಿಯಲ್ಲ.

ಮುಸಾಫಿರ್‌ಖಾನದಲ್ಲಿ ಮಂಚ ಹಾಕಬೇಕು ಅಂತ ನಾನು ಹೇಳ್ತಿಲ್ಲ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಹಾಗೇ ಇರಲಿ. ನಾನು ಕೇಳ್ತಿರೋದು ಊರಿನ ಬಗ್ಗೆ.

ನಮ್ಮ ಮಾಮೂಲಿ ಪ್ಲಾನ್ ಹೇಗಿರುತ್ತೆ? ದಾವಣಗೆರೆಯಲ್ಲಿ ಎಂಟು ಗಂಟೆಗೆ ದೋಸೆ, ಒಂಬತ್ತಕ್ಕೆ ಬಸ್ಸು ಅಥವಾ ಟಿಟಿ, ಹತ್ತೂವರೆಗೆ ಪುಷ್ಕರಣಿ, ಅರ್ಧ ಗಂಟೆ ರೀಲ್ಸ್, ಹನ್ನೆರಡಕ್ಕೆ ಸೂಳೆಕೆರೆ, ‘ಅಬ್ಬಾ ಏನ್ ಬಿಸಿಲು’, ಊಟ, ಟೈಮ್ ಇದ್ರೆ ಚನ್ನಗಿರಿ ಕೋಟೆ, ಆರು ಗಂಟೆಗೆ ವಾಪಸ್. ನಾವು ನೋಡಿದ್ದು ಬರೀ ನಡುಮಧ್ಯಾಹ್ನ. ಕಲ್ಲು ಕೂಡ ಕಾಣಿಸದಷ್ಟು ಬಿಸಿಲು ಹೊಡೆಯೋ ಹೊತ್ತು. ಸೂಳೆಕೆರೆಗೆ ಶಾಂತಿಸಾಗರ ಅನ್ನೋ ಹೆಸರೂ ಇದೆ. ಏಷ್ಯಾದಲ್ಲೇ ಎರಡನೇ ದೊಡ್ಡ ಮಾನವ ನಿರ್ಮಿತ ಕೆರೆ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ವಿ. ನೂರಾರು ವರ್ಷ ಹಳೆಯ ಕೆರೆ. ಸಿವಿಲ್‌ನವರು ಅದರ ಏರಿ ನೋಡೋಕೇ ಒಂದು ಪೂರ್ತಿ ಬೆಳಿಗ್ಗೆ ಬೇಕು. ಎರಡು ಗುಡ್ಡಗಳ ನಡುವಿನ ಸಂದನ್ನ ಮುಚ್ಚಿ ಅಷ್ಟು ನೀರು ನಿಲ್ಲಿಸಿದ್ದಾರೆ. ಜಾಗ ಆರಿಸಿದ್ದರಲ್ಲೇ ಅರ್ಧ ಡಿಸೈನ್ ಮುಗಿದಿದೆ. ಇದು ಹನ್ನೆರಡು ಗಂಟೆ ಬಿಸಿಲಲ್ಲಿ ಟೋಪಿ ಹುಡುಕ್ತಾ ಇರುವಾಗ ಕಣ್ಣಿಗೆ ಬೀಳಲ್ಲ.

ಜಗಳೂರಿನ ಕಡೆ ಇದು ಇನ್ನೂ ಸ್ಪಷ್ಟ. ಅಲ್ಲಿ ರಂಗಯ್ಯನದುರ್ಗ ವನ್ಯಧಾಮ ಇದೆ. ಕೊಂಡುಕುರಿಗಾಗಿ 2011ರಲ್ಲಿ ಘೋಷಣೆ ಆಗಿದ್ದು. ಕೊಂಡುಕುರಿ ಅಂದ್ರೆ ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ. ಕೊಂಬು ಗಂಡಿಗೆ ಮಾತ್ರ. ಬಹಳ ನಾಚಿಕೆ ಸ್ವಭಾವ. ಕಾಣಿಸಿದರೆ ಬೆಳಗಿನ ತಂಪಿನಲ್ಲೋ ಸಂಜೆಯೋ ಕಾಣಿಸಬೇಕು. ದಾವಣಗೆರೆಯಲ್ಲಿ ಎಸಿ ರೂಮ್ ಮಾಡಿ ಮಲಗಿದವರು ಅಲ್ಲಿಗೆ ಮುಟ್ಟೋ ಹೊತ್ತಿಗೆ ಅದು ಪೊದೆ ಸೇರಿ ಆಗಿರುತ್ತೆ. ಜಗಳೂರು ಪಟ್ಟಣದಲ್ಲೇ ರಾತ್ರಿ ಉಳಿದು, ಅರಣ್ಯ ಇಲಾಖೆಯ ಅನುಮತಿ ಮೊದಲೇ ತಗೊಂಡು ಹೊರಟವರಿಗೆ ಒಂದು ಚಾನ್ಸ್ ಇದೆ. ಕೊಡದಗುಡ್ಡದ ವೀರಭದ್ರಸ್ವಾಮಿಗೆ ನಡ್ಕೊಳ್ಳೋ ಭಕ್ತರನ್ನ ಕೇಳಿ, ‘ಬೆಳಿಗ್ಗೆ ಬೇಗ ಗುಡ್ಡ ಹತ್ರಿ, ಆಮೇಲೆ ಕಾಲು ಸುಡ್ತಾವ’ ಅಂತಾರೆ. ಅವರಿಗೆ ಗೊತ್ತಿರೋದು ನಮ್ಮ ಟ್ರಿಪ್ ಕೋಆರ್ಡಿನೇಟರ್‌ಗೆ ಗೊತ್ತಿಲ್ಲ.

ಹೊನ್ನಾಳಿ, ನ್ಯಾಮತಿ ನೋಡಿ. ಹೊನ್ನಾಳಿಯಲ್ಲಿ ತುಂಗಭದ್ರೆ ಊರ ಪಕ್ಕದಲ್ಲೇ ಹರಿಯುತ್ತೆ. ಹೊಳೆ ದಂಡೆಯ ರಾಯರ ಮಠವನ್ನ ಭಕ್ತರು ಎರಡನೇ ಮಂತ್ರಾಲಯ ಅಂತ ಕರೀತಾರೆ, ಹಿರೇಕಲ್ಮಠ ಇದೆ. ಮೊದಲು ಹೊನ್ನಾಳಿ ತಾಲೂಕಿನಲ್ಲೇ ಇದ್ದು ಈಗ ತಾನೇ ತಾಲೂಕಾಗಿರುವ ನ್ಯಾಮತಿಯಲ್ಲಿ ತೀರ್ಥರಾಮೇಶ್ವರ ಇದೆ, ಸಿಂದ ಅರಸರ ಶಾಸನಗಳಿರುವ ಬೆಳಗುತ್ತಿ ಇದೆ, ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇದೆ. ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಲಂಬಾಣಿ ಸಮುದಾಯದವರು ಬೇರೆ ಬೇರೆ ರಾಜ್ಯಗಳಿಂದ ಲಕ್ಷಗಟ್ಟಲೆ ಬರ್ತಾರೆ. ಎಷ್ಟೋ ಮಾಲಾಧಾರಿಗಳು ನಡೆದೇ ಬರ್ತಾರೆ. ಅವರು ಶಿವಮೊಗ್ಗದಲ್ಲಿ ರೂಮ್ ಮಾಡಿ ಕ್ಯಾಬ್‌ನಲ್ಲಿ ಬರಲ್ಲ. ಜಾತ್ರೆ ಎಲ್ಲಿದೆಯೋ ಅಲ್ಲೇ ಅಡುಗೆ, ಅಲ್ಲೇ ಹಾಡು, ಅಲ್ಲೇ ನಿದ್ದೆ. ಆ ರಾತ್ರಿಯೇ ಅರ್ಧ ಜಾತ್ರೆ. ನಾವು ‘ಟೂರಿಸ್ಟ್’ ಅಂತ ಹೆಸರಿಟ್ಟುಕೊಂಡು ಅದನ್ನ ಬಿಟ್ಟು ಬರ್ತೀವಿ.

ಈಗ ದುಡ್ಡಿನ ಲೆಕ್ಕ. ಒಂದು ಕ್ಲಾಸಿನಿಂದ ಇಪ್ಪತ್ತು ಜನ ಹೊರಟರು ಅಂತ ಇಟ್ಕೊಳ್ಳಿ. ತಲೆಗೆ ರೂಮಿಗೆ 400, ಎರಡು ಹೊತ್ತು ಊಟ ತಿಂಡಿಗೆ 300. ಒಟ್ಟು 14,000 ರೂಪಾಯಿ. ನಗರದಲ್ಲಿ ರೂಮ್ ಮಾಡಿದ್ರೆ ಇದರಲ್ಲಿ ಸಂತೇಬೆನ್ನೂರಿಗೆ ಬೀಳೋದು ನೀರಿನ ಬಾಟಲಿ, ಮಂಡಕ್ಕಿ, ಮಿರ್ಚಿ ದುಡ್ಡು ಅಷ್ಟೇ. ನ್ಯಾಮತಿ ನೋಡಿ ಶಿವಮೊಗ್ಗದಲ್ಲಿ ಉಳಿದ್ರೆ ದುಡ್ಡು ಜಿಲ್ಲೆಯನ್ನೇ ದಾಟಿ ಹೋಯ್ತು. ಆಮೇಲೆ ನಾವೇ ಕೂತು ‘ಊರವರಿಗೆ ತಮ್ಮ ಸ್ಮಾರಕದ ಬೆಲೆ ಗೊತ್ತಿಲ್ಲ, ಎಲ್ಲಾ ಕಡೆ ಕಸ ಹಾಕ್ತಾರೆ’ ಅಂತ ಬರೀತೀವಿ. ಸ್ಮಾರಕದಿಂದ ಊರವರಿಗೆ ಬಂದಿದ್ದು ಏನು? ನಾವು ಬಿಟ್ಟು ಬಂದ ಆ ನೀರಿನ ಬಾಟಲಿಯೇ ತಾನೆ?

ಇದಕ್ಕೆ ನನ್ನ ಫ್ರೆಂಡ್ಸ್ ಹೇಳೋ ಉತ್ತರಗಳು ಮೂರು. ಮೂರೂ ನಿಜವಾದ ಉತ್ತರಗಳೇ, ಅದಕ್ಕೇ ಒಂದೊಂದಾಗಿ ತಗೋತೀನಿ.

ಮೊದಲನೇದು: ‘ಅಲ್ಲಿ ಏನಿದೆ ಉಳಿಯೋಕೆ? ಒಳ್ಳೆ ಹೋಟೆಲ್ ಕಟ್ಟಲಿ, ಬರ್ತೀವಿ.’ ಇಲ್ಲಿ ಒಂದು ವಿಷಯ ಗಮನಿಸಿ. ಪುರಾತತ್ವ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ; ಅದರಾಚೆಗೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಪುಷ್ಕರಣಿ ಎದುರು ಐದು ಅಂತಸ್ತಿನ ಹೋಟೆಲ್ ಏಳಲ್ಲ, ಏಳಬಾರದು ಕೂಡ. ಹಾಗಾದ್ರೆ ಉಳಿದಿರೋ ದಾರಿ ಸಫ್ರಾನ್‌ಬೊಲು ದಾರಿ: ಈಗಾಗಲೇ ಇರೋ ಮನೆ. ಚನ್ನಗಿರಿ, ಹೊನ್ನಾಳಿ ಕಡೆ ಹೆಂಚಿನ ಮನೆಗಳು, ಜಗಳೂರು ಕಡೆ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ಮಕ್ಕಳು ಬೆಂಗಳೂರು ಸೇರಿ, ವಯಸ್ಸಾದ ಇಬ್ಬರೇ ಉಳಿದಿರೋ ಮನೆಗಳೂ ಇವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಮಾಲೀಕರು ಅದೇ ಮನೆಯಲ್ಲಿ ವಾಸ ಇರಬೇಕು, ಒಂದರಿಂದ ಆರು ಕೋಣೆವರೆಗೆ ಅತಿಥಿಗಳಿಗೆ ಕೊಡಬಹುದು. ಒಂದು ಕೋಣೆ ಇದ್ರೂ ಸಾಕು. ಹಂಪಿ ಪಕ್ಕದ ಆನೆಗೊಂದಿಯಲ್ಲಿ ಹಳೆ ಮನೆಗಳನ್ನ ಹೀಗೆ ರಿಪೇರಿ ಮಾಡಿ ಅತಿಥಿಗಳಿಗೆ ಕೊಟ್ಟಿದ್ದಾರೆ. ಮಾಳಿಗೆ ಮನೆಗೆ ಒಂದು ಒಳ್ಳೆ ಬಾತ್‌ರೂಮ್ ಸೇರಿಸೋದು, ನೀರು ಸೋರದ ಹಾಗೆ ಮಾಡೋದು, ಹಳೆ ಗೋಡೆಗೆ ವೈರಿಂಗ್ ಎಳೆಯೋದು, ಇವೆಲ್ಲ ನಾವು ಓದ್ತಿರೋ ವಿಷಯಗಳೇ ಅಲ್ವಾ?

ಎರಡನೇದು: ‘ಟೂರಿಸ್ಟ್‌ಗಳು ಉಳಿಯೋಕೆ ಶುರು ಮಾಡಿದ್ರೆ ಊರು ಹಾಳಾಗುತ್ತೆ, ಹಂಪಿ ನೋಡು.’ ಸರಿ, ನೋಡೋಣ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ವಿರೂಪಾಕ್ಷ ಗುಡಿ ಮುಂದಿನ ಹಳೆ ಬಜಾರಿನ ಸಾಲು ಮಂಟಪಗಳಲ್ಲಿ ಜನ ಮನೆ, ಅಂಗಡಿ ಮಾಡಿಕೊಂಡಿದ್ರು. 2011ರಲ್ಲಿ ಅವರನ್ನ ತೆರವು ಮಾಡಿದರು. ಹೊಳೆ ಆಚೆಯ ವಿರೂಪಾಪುರ ಗಡ್ಡೆಯಲ್ಲಿ ಗೆಸ್ಟ್‌ಹೌಸ್‌ಗಳು ಒಂದರ ಪಕ್ಕ ಒಂದು ಎದ್ದವು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2020ರ ಫೆಬ್ರವರಿಯಲ್ಲಿ ತೀರ್ಪು ಬಂದು, ಮಾರ್ಚ್‌ನಲ್ಲಿ ಒಡೆದರು. ಟರ್ಕಿಯಲ್ಲೂ ಇಂಥದೇ ತಲೆನೋವು. ಅಪಾರ್ಟ್‌ಮೆಂಟ್‌ಗಳನ್ನ ದಿನದ ಬಾಡಿಗೆಗೆ ಕೊಡೋದು ಅತಿಯಾಗಿ, 2024ರ ಜನವರಿಯಿಂದ ಅದಕ್ಕೆ ಸರ್ಕಾರದ ಪರವಾನಗಿ, ಜೊತೆಗೆ ಆ ಕಟ್ಟಡದ ಇತರ ಮಾಲೀಕರ ಒಪ್ಪಿಗೆ ಬೇಕು ಅಂತ ಕಾನೂನು ಮಾಡಿದರು.

ಹಂಪಿಯಿಂದ ನಾನು ತಗೊಳ್ಳೋ ಪಾಠ ‘ಯಾರೂ ಉಳಿಯಬಾರದು’ ಅನ್ನೋದಲ್ಲ. ಎಲ್ಲಿ ಉಳಿಯಬಹುದು ಅಂತ ಮೊದಲೇ ನಿಯಮ ಮಾಡಿ, ಊರವರಿಗೆ ತಿಳಿಸಿ, ಅವರ ಮನೆಯಲ್ಲೇ ಜಾಗ ಮಾಡಿಕೊಟ್ಟಿದ್ರೆ ಬುಲ್‌ಡೋಜರ್ ತರೋ ಕೆಲಸ ಬರ್ತಿರಲಿಲ್ಲ. ಅಲ್ಲಿ ಜನ ಮೊದಲು ಬಂದ್ರು, ನಿಯಮ ಆಮೇಲೆ ಬಂತು. ನಮ್ಮ ನಾಲ್ಕು ತಾಲೂಕುಗಳಿಗೆ ಇನ್ನೂ ಜನ ಬಂದಿಲ್ಲ. ನಿಯಮ ಮೊದಲು ಮಾಡೋಕೆ ಇದೇ ಸರಿಯಾದ ಟೈಮ್.

ಮೂರನೇದು, ನನಗೆ ಎಲ್ಲಕ್ಕಿಂತ ಹತ್ತಿರದ್ದು: ‘ಹುಡುಗಿಯರು ಇದ್ದಾರೆ, ಅಲ್ಲೆಲ್ಲ ಸೇಫ್ ಅಲ್ಲ.’

ನಾವು ಮೂವರು ಹುಡುಗಿಯರು ಹೋದ ಸೆಮಿಸ್ಟರ್ ರಜೆಯಲ್ಲಿ ಒಂದು ತಾಲೂಕು ಪಟ್ಟಣದಲ್ಲಿ ರಾತ್ರಿ ಉಳಿಯೋಣ ಅಂತ ಹೋಗಿದ್ವಿ. ಮೂವರ ಹತ್ರವೂ ಆಧಾರ್ ಕಾರ್ಡ್, ಕಾಲೇಜ್ ಐಡಿ ಇತ್ತು. ಮನೆಯಲ್ಲಿ ಹೇಳಿ ಒಪ್ಪಿಸೋಕೆ ಎರಡು ವಾರ ಹಿಡಿದಿತ್ತು. ಲಾಡ್ಜ್ ಕೌಂಟರ್‌ನಲ್ಲಿದ್ದವರು ನಮ್ಮ ಐಡಿ ನೋಡಲೇ ಇಲ್ಲ. ‘ಜೊತೆಗೆ ಗಂಡಸ್ರು ಯಾರು ಅದಾರಮ್ಮ?’ ಅಂದ್ರು. ಯಾರೂ ಇಲ್ಲ ಅಂದೆ. ‘ಹಂಗಾರ ಆಗಲ್ಲಮ್ಮ, ಫ್ಯಾಮಿಲಿಗೆ ಮಾತ್ರ ಕೊಡೋದು. ನಾಳೆ ಏನಾದ್ರೂ ಆದ್ರೆ ನಮ್ಮ ತಲೆಗೆ ಬರ್ತತಿ’ ಅಂದ್ರು. ಬೈಯಲಿಲ್ಲ, ಕೆಟ್ಟದಾಗಿ ಮಾತಾಡಲಿಲ್ಲ. ಕುಡಿಯೋಕೆ ನೀರು ಕೊಟ್ರು, ಕೊನೆ ಬಸ್ ಎಷ್ಟೊತ್ತಿಗೆ ಅಂತಲೂ ಹೇಳಿದ್ರು. ಮುಂದಿನ ಲಾಡ್ಜ್‌ನಲ್ಲೂ ಅದೇ ಉತ್ತರ. ಕತ್ತಲಲ್ಲಿ ಬಸ್ ಹತ್ತಿ ವಾಪಸ್ ಬಂದ್ವಿ. ಮೂರು ಹುಡುಗಿಯರಿಗೆ ಬೀಗ ಇರೋ ರೂಮಿಗಿಂತ ರಾತ್ರಿ ಬಸ್ ಸ್ಟ್ಯಾಂಡ್ ಸೇಫ್ ಅಂತ ತೀರ್ಮಾನ ಆಗಿತ್ತು.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ನಕ್ಕು, ‘ನಮ್ಮ ಕಾಲದಾಗ ಛತ್ರ ಇದ್ವು, ಆದ್ರ ಮೊದಲು ಯಾವ ಜನ ಅಂತ ಕೇಳ್ತಿದ್ರು’ ಅಂದ್ರು. ‘ಛತ್ರ’ ಅನ್ನೋ ಪದ ನನಗೆ ಮದುವೆ ಛತ್ರ ಅಂತ ಮಾತ್ರ ಗೊತ್ತಿತ್ತು. ಹಿಂದೆ ದಾರಿಯಲ್ಲಿ ಹೋಗೋರಿಗೆ ನೆರಳು, ನೀರು, ಊಟ ಕೊಡೋ ಪುಣ್ಯದ ಕೆಲಸಕ್ಕೆ ಕಟ್ಟಿಸಿದ್ದು ಅದು. ಆದ್ರೆ ಪುಣ್ಯದ ಬಾಗಿಲಲ್ಲೂ ಒಂದು ಪ್ರಶ್ನೆ ಇತ್ತು. ಆಗ ‘ಯಾವ ಜನ?’, ಈಗ ‘ಗಂಡಸ್ರು ಯಾರು?’

ನಾವು ಫಸ್ಟ್ ಇಯರ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಪೇಪರ್ ಬರೆದು ಪಾಸಾಗಿದೀವಿ. ಎಂಸಿಕ್ಯೂ ಟಿಕ್ ಮಾಡಿ ಮರೆತಿರ್ತೀವಿ, ಇನ್ನೊಂದ್ಸಲ ನೋಡಿ. 15ನೇ ವಿಧಿಯ ಎರಡನೇ ಭಾಗ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವುಗಳ ಕಾರಣಕ್ಕೆ ಯಾವ ಪ್ರಜೆಯನ್ನೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲ್ ಮತ್ತು ಮನರಂಜನೆಯ ಸ್ಥಳಗಳಿಂದ ತಡೆಯುವಂತಿಲ್ಲ. ಹೋಟೆಲ್ ಅನ್ನೋ ಪದ ಸಂವಿಧಾನದಲ್ಲೇ ಇದೆ. ಅದೇ ವಿಧಿಯಲ್ಲಿ ಮುಂದೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಮಾತೂ ಬರುತ್ತೆ. ಪುಷ್ಕರಣಿಯ ಮೆಟ್ಟಿಲ ಮೇಲೆ ಇವತ್ತು ಎಲ್ಲರೂ ಕೂತು ಫೋಟೋ ತೆಗೀತೀವಿ ಅಂದ್ರೆ ಆ ಸಾಲಿಗೂ ಅದರಲ್ಲಿ ಪಾಲಿದೆ. ಪಕ್ಕದ ಸಾಲು ಮಾತ್ರ ಇನ್ನೂ ಕೌಂಟರ್ ಮುಟ್ಟಿಲ್ಲ. ಹದಿನೆಂಟು ತುಂಬಿದ, ಗುರುತಿನ ಚೀಟಿ ಇರೋ ಹುಡುಗಿಯರಿಗೆ ರೂಮ್ ಕೊಡಬಾರದು ಅಂತ ಯಾವ ಕಾನೂನೂ ಹೇಳಲ್ಲ.

ಕೌಂಟರ್‌ನವರ ಮೇಲೆ ಮಾತ್ರ ತಪ್ಪು ಹಾಕೋಕೆ ನನಗೆ ಇಷ್ಟ ಇಲ್ಲ. ಅವರ ಭಯವೂ ಸುಳ್ಳಲ್ಲ. ಅವರು ನೋಡಿರೋ ಗಿರಾಕಿಗಳು ಯಾರು? ಕೋರ್ಟ್ ಕೆಲಸದವರು, ವ್ಯಾಪಾರಕ್ಕೆ ಬಂದವರು, ರಾತ್ರಿ ಕುಡಿದು ಬಂದವರು. ಊರು ನೋಡೋಕೆ ಬಂದ ಹುಡುಗಿಯರನ್ನ ಅವರು ನೋಡೇ ಇಲ್ಲ. ನೋಡದ ಗಿರಾಕಿಗೆ ರೂಮ್ ಇರಲ್ಲ, ರೂಮ್ ಇಲ್ಲದ ಕಡೆಗೆ ಗಿರಾಕಿ ಬರಲ್ಲ. ಈ ಲೂಪ್ ಎಲ್ಲಾದ್ರೂ ಒಂದು ಕಡೆ ಬ್ರೇಕ್ ಆಗಬೇಕು. ಲಾಡ್ಜ್‌ನವರು ಮೊದಲು ಬದಲಾಗಲಿ ಅಂತ ಕಾಯ್ತಾ ಕೂತ್ರೆ ನಾವು ಫೈನಲ್ ಇಯರ್ ಮುಗಿಸಿ ಹೋಗಿರ್ತೀವಿ.

ಅದಕ್ಕೇ, ರೂಮ್ ಆರಿಸೋವಾಗ ಸ್ಟಾರ್ ಎಣಿಸೋ ಬದಲು ಈ ನಾಲ್ಕು ಪ್ರಶ್ನೆ ಕೇಳಿ ಅಂತ ನನ್ನ ಸಲಹೆ. ಬೆಳಿಗ್ಗೆ ಆರು ಗಂಟೆಗೆ ಎದ್ದರೆ ಅಲ್ಲಿಂದ ನಾನು ನೋಡಬೇಕಾದ ಜಾಗಕ್ಕೆ ನಡೆದೋ ಮೊದಲ ಬಸ್ಸಿಗೋ ಹೋಗಬಹುದಾ? ನಾನು ಕೊಡೋ ದುಡ್ಡು ಆ ಊರಲ್ಲೇ ಉಳಿಯುತ್ತಾ? ರೂಮಿಗೆ ಒಳಗಿಂದ ಗಟ್ಟಿ ಚಿಲಕ, ಸ್ವಚ್ಛ ಬಾತ್‌ರೂಮ್, ಹೊರಗೆ ರಾತ್ರಿಯಿಡೀ ಲೈಟು ಇದೆಯಾ? ಕೌಂಟರ್‌ನಲ್ಲಿ ಇರೋರು ಐಡಿ ಕೇಳ್ತಾರಾ, ಗಂಡಸ್ರನ್ನ ಕೇಳ್ತಾರಾ? ಎಸಿ, ವೈಫೈ, ಟಿವಿ ಎಲ್ಲ ಇವುಗಳ ಆಮೇಲೆ. ದುಡ್ಡು ಕೊಡೋ ಮೊದಲು ರೂಮ್ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ. ತರಕಾರಿ ತಗೊಳ್ಳುವಾಗ ಬದನೆಕಾಯಿ ತಿರುಗಿಸಿ ನೋಡಲ್ವಾ?

ಲಾಡ್ಜ್ ಬಿಟ್ಟು ಬೇರೆ ಜಾಗಗಳನ್ನೂ ವಿಚಾರಿಸಬಹುದು. ತಾಲೂಕು ಕೇಂದ್ರಗಳಲ್ಲಿ ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ ಇರುತ್ತೆ, ಜನ ಐಬಿ ಅಂತಾರೆ. ಹೆಸರು ಪ್ರವಾಸಿ ಮಂದಿರ, ಆದ್ರೆ ಅಲ್ಲಿ ನಾವು ನೋಡೋದು ಪ್ರೆಸ್ ಮೀಟು, ಪಕ್ಷದ ಸಭೆ, ಅಧಿಕಾರಿಗಳ ಜೀಪು. ಖಾಲಿ ಇರೋ ದಿನ ಕಾಲೇಜಿನಿಂದ ಪತ್ರ ತಂದ ವಿದ್ಯಾರ್ಥಿಗಳಿಗೆ ಎರಡು ಕೋಣೆ ಕೊಡಿ ಅಂತ ಕೇಳೋದು ದೊಡ್ಡ ಬೇಡಿಕೆ ಅಲ್ಲ. ಮಠ, ದೇವಸ್ಥಾನಗಳ ಕಡೆ ಭಕ್ತರಿಗೆ ಕೋಣೆ ಇದ್ರೆ, ಅಲ್ಲಿನ ರೀತಿ ರಿವಾಜಿಗೆ ತಕ್ಕ ಹಾಗೆ ಇರೋಕೆ ನಾವು ತಯಾರಿದ್ರೆ, ಅದೂ ಒಂದು ದಾರಿ. ಕ್ಲಾಸ್‌ಮೇಟ್ ಒಬ್ಬರ ಮನೆ ಆ ಊರಲ್ಲೇ ಇದ್ರಂತೂ ಮುಗೀತು. ಆದ್ರೆ ಆ ಅಮ್ಮನಿಗೆ ಇಪ್ಪತ್ತು ಜನರ ಅಡುಗೆ ಪುಕ್ಕಟೆ ಮಾಡಿಸಬೇಡಿ. ಲಾಡ್ಜಿಗೆ ಕೊಡೋ ದುಡ್ಡನ್ನ ಅವರಿಗೆ ಕೊಡಿ. ಬೇಡ ಅಂದ್ರೂ ಕೊಡಿ. ಹೋಮ್‌ಸ್ಟೇ ಅನ್ನೋದು ಹೀಗೇ ಶುರುವಾಗೋದು.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ಪ್ರಸ್ತಾಪ. ನಮಗೆಲ್ಲ ಡಿಗ್ರಿ ಮುಗಿಯೋದ್ರೊಳಗೆ 100 ಆಕ್ಟಿವಿಟಿ ಪಾಯಿಂಟ್ ಬೇಕು. ಅದಕ್ಕೆ ಇರೋ ಚಟುವಟಿಕೆಗಳ ಪಟ್ಟಿಯಲ್ಲಿ ಪ್ರವಾಸೋದ್ಯಮಕ್ಕೆ ಉತ್ತೇಜನ ಅನ್ನೋದೂ ಇದೆ. ಪ್ರತಿ ವರ್ಷ ಎಲ್ಲರೂ ಗಿಡ ನೆಟ್ಟು, ಅದರ ಪಕ್ಕ ನಿಂತು ಫೋಟೋ ತೆಗೆಸಿ ಮುಗಿಸ್ತೀವಿ. ಈ ಸಲ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ನಾಲ್ಕು ತಂಡ ಹೋಗೋಣ. ಪ್ರತಿ ತಂಡದಲ್ಲೂ ಹುಡುಗಿಯರು ಇರಲಿ, ಕೌಂಟರ್‌ನಲ್ಲಿ ಅವರೇ ಮಾತಾಡಲಿ. ಉಳಿಯೋ ಜಾಗಗಳ ಪಟ್ಟಿ ಮಾಡೋಣ: ರೇಟು, ಚಿಲಕ, ಬಾತ್‌ರೂಮ್, ಬಿಸಿನೀರಿನ ಟೈಮು, ಹತ್ತಿರದ ತಿಂಡಿ, ಮೊದಲ ಬಸ್ಸು, ಕೊನೆ ಬಸ್ಸು, ಹುಡುಗಿಯರಿಗೆ ಕೊಡ್ತಾರಾ ಇಲ್ವಾ. ಕೊಡಲ್ಲ ಅಂದ್ರೆ ಜಗಳ ಆಡೋದು ಬೇಡ. ಏನಿದ್ರೆ ಕೊಡ್ತೀರಿ ಅಂತ ಕೇಳಿ ಬರೆದುಕೊಳ್ಳೋಣ. ಕಾಲೇಜಿನ ಪತ್ರ ಸಾಕಾ? ಮನೆಯವರ ಫೋನ್ ನಂಬರ್ ಸಾಕಾ? ಆ ಉತ್ತರಗಳನ್ನ ತಗೊಂಡು ಪ್ರಿನ್ಸಿಪಾಲರ ಹತ್ರ, ಆಮೇಲೆ ಜಿಲ್ಲಾ ಪ್ರವಾಸೋದ್ಯಮ ಇಲಾಖೆ ಹತ್ರ ಹೋಗೋಣ. ಪಟ್ಟಿಯನ್ನ ಕನ್ನಡದಲ್ಲಿ ಇದೇ ಪತ್ರಿಕೆಯಲ್ಲಿ ಹಾಕೋಣ. ಮುಂದಿನ ಬ್ಯಾಚ್‌ನ ಹುಡುಗಿಯರು ಮನೆಯಲ್ಲಿ ಅನುಮತಿ ಕೇಳುವಾಗ ತೋರಿಸೋಕೆ ಕೈಯಲ್ಲಿ ಏನಾದ್ರೂ ಇರುತ್ತೆ.

ಇಂಟರ್ನಲ್ಸ್ ಮುಗಿದ ಮೇಲಿನ ಶನಿವಾರ, ಮಧ್ಯಾಹ್ನ ಎರಡು ಗಂಟೆಗೆ ಸಂಘದ ರೂಮಿನಲ್ಲಿ ಸಿಗೋಣ. ಚನ್ನಗಿರಿ ತಂಡಕ್ಕೆ ನನ್ನ ಹೆಸರು ಬರ್ಕೊಳ್ಳಿ. ಇನ್ನೂ ಮೂರು ತಂಡಗಳು ಖಾಲಿ ಇವೆ.